ಒಂದು ಗೇಣು ಬಾಕಿ

ನಮ್ಮ ಕಾರ್ಟೂನಿನ ಕೊನೆಯ ಕಂತಿನಲ್ಲಿ ಬಾಗಿಲು ಯಾಕೆ ಪೂರ್ತಿ ಮುಚ್ಚುವುದಿಲ್ಲ ಎಂದು ಈಗಲೂ ಯಾರಾದರೂ ಕೇಳುತ್ತಾರೆ. ಹೋದ ವರ್ಷ ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಒಬ್ಬ ಮೇಷ್ಟ್ರು ನನ್ನನ್ನು ಹಿಡಿದು ನಿಲ್ಲಿಸಿ, ಅದು ಬದುಕಿನ ಅಪೂರ್ಣತೆಯ ಸಂಕೇತ ಎಂದು ನನಗೇ ಪಾಠ ಹೇಳಿದರು. ಅವರ ಶಿವಮೊಗ್ಗದ ಬಸ್ಸು ಹೊರಡುವುದರಲ್ಲಿತ್ತು. ಸಂಕೇತವೂ ಅಲ್ಲ, ಮಣ್ಣೂ ಅಲ್ಲ ಸಾರ್, ಅದು ನಮ್ಮ ಅತ್ತೆಯ ಕೆಲಸ ಎಂದು ವಿವರಿಸಲು ಪುರುಸೊತ್ತಿರಲಿಲ್ಲ. ತಲೆಯಾಡಿಸಿ ಕಳಿಸಿಕೊಟ್ಟೆ.

ಚನ್ನಗಿರಿಯ ಒಂದು ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಕೆಳಗೆ ಅಡುಗೆ, ಊಟ, ನಿದ್ದೆ. ಮೇಲಿನ ಕೋಣೆಯಲ್ಲಿ ಕೆಲಸ. ಮುಖ್ಯ ಚಿತ್ರಗಳನ್ನು ನನ್ನ ಗಂಡ ಬರೆಯುತ್ತಿದ್ದರು: ಹುಡುಗಿ ಕಾಲೆತ್ತಿದಳು, ಹುಡುಗಿ ಕಾಲಿಟ್ಟಳು. ಆ ಎರಡರ ನಡುವೆ ಕಾಲು ಗಾಳಿಯಲ್ಲಿ ಸಾಗುವ ಚಿತ್ರಗಳನ್ನೆಲ್ಲ ಬರೆಯುವವಳು ನಾನು. ಹೆಸರು ಬರುವುದು ಅವರಿಗೆ, ಬೆನ್ನುನೋವು ಬರುವುದು ನನಗೆ. ಶಬ್ದದ ಕೆಲಸಕ್ಕೆ ನ್ಯಾಮತಿಯ ಒಬ್ಬ ಗೆಳೆಯ ಇದ್ದ. ಮದುವೆ ಮನೆಗಳಿಗೆ ಮೈಕು, ಸ್ಪೀಕರು ಹಾಕುವವನು; ಬಿಡುವಿದ್ದಾಗ ನಮಗಾಗಿ ಗಾಳಿ, ಗಂಟೆ, ಕುರಿಯ ಕೂಗು ಹಿಡಿದು ತರುತ್ತಿದ್ದ. ಇಷ್ಟೇ ಜನ ಸೇರಿ ಟೀವಿಗೆ ಕಾರ್ಟೂನು ಮಾಡುತ್ತೇವೆ ಎಂದರೆ ಊರಲ್ಲಿ ಯಾರೂ ನಂಬುತ್ತಿರಲಿಲ್ಲ.

ಕಥೆ ದೊಡ್ಡದೇನಲ್ಲ. ಕುರಿ ಕಾಯುವ ಒಬ್ಬ ಹುಡುಗಿ, ಗುಂಪು ತಪ್ಪಿದ ಒಂದು ಕುರಿಮರಿ. ಪ್ರತಿ ಕಂತಿನಲ್ಲೂ ಮನೆಗೆ ಹೊರಡುತ್ತಾರೆ, ದಾರಿಯಲ್ಲಿ ಏನೋ ಎದುರಾಗುತ್ತದೆ, ಮನೆ ಮುಟ್ಟುವುದಿಲ್ಲ. ಜಗಳೂರು ಕಡೆಯ ಬೋಳು ಗುಡ್ಡ, ಜಾಲಿ ಮರ, ಕೆಂಪು ಮಣ್ಣಿನ ದಾರಿ ಎಲ್ಲ ಅದರಲ್ಲಿದ್ದವು. ನನ್ನ ಗಂಡ ಹುಟ್ಟಿ ಬೆಳೆದದ್ದು ಅಲ್ಲೇ, ಕಂಬಳಿ ನೇಯುವ ಮನೆಯಲ್ಲಿ. ನೆನಪಿನಿಂದಲೇ ಬರೆಯುತ್ತಿದ್ದರು.

ಮೊದಲ ಸರಣಿ ಮುಗಿದಾಗ ನಾನು ಐದು ತಿಂಗಳ ಬಸುರಿ. ಅದರ ಕೊನೆಯ ಕಂತನ್ನು ಚಾನೆಲ್ಲಿಗೆ ಕಳಿಸಿ, ಮಂಡಕ್ಕಿ ಮಿರ್ಚಿ ತರಿಸಿ ತಿನ್ನುತ್ತಾ ನಗುತ್ತಿದ್ದ ಸಂಜೆಯೇ ಹೊಟ್ಟೆನೋವು ಶುರುವಾಯಿತು. ದಾವಣಗೆರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಹೆಣ್ಣು ಕೂಸು. ಡಾಕ್ಟರಮ್ಮ ಕಾರಣ ಹೇಳಿದರು, ಇಂಥವು ಆಗುತ್ತವೆ, ನಿನ್ನ ತಪ್ಪೇನಿಲ್ಲ ಎಂದರು. ನನ್ನ ಅಪ್ಪ ಮತ್ತು ಗಂಡ ಹೊನ್ನಾಳಿಯ ನಮ್ಮ ತವರಿನ ಹತ್ತಿರ, ಹೊಳೆಯ ಕಡೆಗೆ ಒಯ್ದು ಮಣ್ಣು ಮಾಡಿ ಬಂದರು. ನನಗೆ ಮುಖ ತೋರಿಸಲಿಲ್ಲ. ತೋರಿಸಿ ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ. ಆಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಎರಡನೇ ಸರಣಿಯ ಕೆಲಸಕ್ಕೆ ಕೂತೆವು.

ಎರಡನೇ ಸರಣಿ ಮುಗಿಯುವ ಹೊತ್ತಿಗೆ ನಾನು ಮತ್ತೆ ಬಸುರಿ, ಏಳು ತುಂಬಿತ್ತು. ತವರಿನಿಂದ ಅವ್ವ ಫೋನಿನ ಮೇಲೆ ಫೋನು ಮಾಡುತ್ತಿದ್ದಳು. ಈ ಕಂತೊಂದು ಮುಗಿಯಲಿ, ಬರುತ್ತೇನೆ ಎಂದು ನಾನು ಮುಂದೂಡುತ್ತಿದ್ದೆ. ಇನ್ನು ಮುಂದೆ ಕಂತು ಬೇಡ ಎಂದು ಚಾನೆಲ್ಲಿನವರು ಹೇಳಿಯಾಗಿತ್ತು. ಹಾಗಾಗಿ ಹುಡುಗಿ ಈ ಸಲ ಮನೆ ಮುಟ್ಟಲೇಬೇಕು. ಆ ದೃಶ್ಯ ನನ್ನ ಗಂಡನ ತಲೆಯಲ್ಲಿ ಮೊದಲಿನಿಂದಲೂ ಸಿದ್ಧವಿತ್ತು. ಹುಡುಗಿ ನಮಗೆ ಬೆನ್ನು ಹಾಕಿ ನಡೆಯುತ್ತಾಳೆ, ಹೊಸ್ತಿಲು ದಾಟುತ್ತಾಳೆ, ಹಿಂದೆಯೇ ಮರಿ ಒಳಗೆ ಹಾರುತ್ತದೆ, ಬಾಗಿಲು ಧಡ್ ಎಂದು ಮುಚ್ಚುತ್ತದೆ. ಅಷ್ಟೇ.

ಆ ವಾರವೇ ಜಗಳೂರಿನಿಂದ ಅತ್ತೆ ಬಂದಿಳಿದರು, ಒಂದು ಬುಟ್ಟಿ ಉಣ್ಣೆಯ ಜೊತೆ. ಮೇಲಿನ ಕೋಣೆಯ ಬಾಗಿಲ ಬಳಿ ಚಾಪೆ ಹಾಸಿಕೊಂಡು ಉಣ್ಣೆ ಹಿಂಜುತ್ತಾ ನಮ್ಮ ಪರದೆಯನ್ನೇ ನೋಡುತ್ತಿದ್ದರು. ಮೂರನೇ ದಿನ ಕೇಳಿದರು.

"ಇದು ಕೊನೇದಂತೆ?"

"ಹೂಂ ಅತ್ತೆ. ಇದೊಂದು ಮುಗಿದ್ರೆ ಆತು."

"ಮುಗಸಬ್ಯಾಡ್ರಿ. ಬಸುರಿ ಇರೋ ಮನ್ಯಾಗೆ ಕೈಯಾಗಿನ ಕೆಲಸಕ್ಕೆ ಕೊನೆ ಕಾಣಸಬಾರದವ್ವ. ನಿನಗೆ ಬಸುರು ನಿಂತೈತೆ ಅಂತ ಗೊತ್ತಾದಾಗಿಂದ ನಮ್ಮಣ್ಣನ ಹಳೇ ಮಗ್ಗದಾಗೆ ಕಂಬಳಿ ಒಂದು ಗೇಣು ನೇಯದೇ ಬಿಡಿಸೀನಿ. ಕೂಸು ಭೂಮಿಗೆ ಬಂದ ಮ್ಯಾಲೆ ಮುಗಿಸಿ ಕೊಯ್ಯೋದು."

"ಇದು ಕಂಬಳಿ ಅಲ್ರೀ ಅತ್ತೆ, ಕಾರ್ಟೂನು."

"ನೇಯೋದೇ ಅಲ್ಲೇನು? ಗೆರೆ ಪಕ್ಕ ಗೆರೆ ಹಾಕ್ತಿ. ನಾನು ನೋಡ್ತಿಲ್ಲೇನು?"

ನನಗೆ ಮೈಯೆಲ್ಲ ಉರಿದು ಹೋಯಿತು. ಅವರು ಕಂಬಳಿಯ ಮಾತಾಡುತ್ತಿಲ್ಲ, ಮೊದಲನೆಯ ಕೂಸಿನ ಮಾತಾಡುತ್ತಿದ್ದಾರೆ ಎಂದು ಗೊತ್ತಾಯಿತು. ಕೊನೆಯ ಕಂತು ಮುಗಿಸಿದ್ದಕ್ಕೇ ಕೂಸು ಹೋಯಿತು ಎಂದು ಬಾಯಿಬಿಟ್ಟು ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅವರು ಉಣ್ಣೆ ಹಿಂಜುತ್ತಾ ಕೂತರು. ನಾನು ಬೇಕೆಂದೇ ಆ ದಿನ ಇನ್ನಷ್ಟು ಚಿತ್ರ ಬರೆದೆ.

ಅದೇ ದಿನ ಸಂಜೆ ಬಿಡಿ ಚಿತ್ರಗಳನ್ನೆಲ್ಲ ಜೋಡಿಸಿ ಓಡುವ ದೃಶ್ಯವಾಗಿಸಲು ಕಂಪ್ಯೂಟರಿಗೆ ಹಾಕಿದೆವು. ಅರ್ಧಕ್ಕೆ ಕರೆಂಟು ಹೋಯಿತು. ಬೀದಿಯಲ್ಲಿ ದೀಪ ಉರಿಯುತ್ತಿತ್ತು, ನಮ್ಮ ಮನೆಯಲ್ಲಿ ಮಾತ್ರ ಕತ್ತಲೆ. ಕೆಳಗಿನ ಮೇನ್ ಸ್ವಿಚ್ಚು ಬಿದ್ದಿತ್ತು. ಮಾರನೇ ದಿನ ಚಿತ್ರಗಳನ್ನೆಲ್ಲ ತುಂಬಿಟ್ಟಿದ್ದ ಡಿಸ್ಕಿನ ವೈರು ಕಾಣಲಿಲ್ಲ. ಮನೆಯೆಲ್ಲ ತಡಕಾಡಿದೆವು. ಇಲಿ ಎಳೆದುಕೊಂಡು ಹೋಯಿತೇನೋ ಎಂದು ನನ್ನ ಗಂಡ ಮಂಚದ ಕೆಳಗೆಲ್ಲ ಬಗ್ಗಿ ನೋಡಿ, ಕೊನೆಗೆ ಪೇಟೆಯಿಂದ ಹೊಸದು ತಂದರು. ಅತ್ತೆ ಅತ್ತಿತ್ತ ನೋಡದೆ ಉಣ್ಣೆ ಹಿಂಜುತ್ತಿದ್ದರು.

ಅಷ್ಟರಲ್ಲಿ ಚಾನೆಲ್ಲಿನ ಮೇಡಮ್ಮಿನ ಫೋನು. "ಶುಕ್ರವಾರದೊಳಗೆ ಬರಲಿಲ್ಲಾಂದ್ರೆ ನಾವೇ ಬೇರೆಯವರ ಹತ್ರ ಎಂಡಿಂಗ್ ಮಾಡಿಸ್ಕೋತೀವಿ ಸಾರ್. ಹುಡುಗಿಗೆ ಒಂದು ಬರ್ತ್‌ಡೇ ಪಾರ್ಟಿ, ಒಂದು ಡ್ಯಾನ್ಸ್. ಮಕ್ಕಳಿಗೆ ಅದೇ ಇಷ್ಟ." ಎರಡು ಸರಣಿ ಪೂರ್ತಿ ನಡೆಸಿಕೊಂಡು ಬಂದ ಹುಡುಗಿಯನ್ನು ಕೊನೆಗೆ ಕೇಕಿನ ಮುಂದೆ ಕುಣಿಸುವುದೆಂದರೆ ನನ್ನ ಗಂಡನಿಗೆ ಸಹಿಸಲಾಗದ ಮಾತಾಗಿತ್ತು.

ಗುರುವಾರ ಮಧ್ಯಾಹ್ನ ನ್ಯಾಮತಿಯ ಗೆಳೆಯ ಬಾಗಿಲ ಸದ್ದು ತಂದ. ಅವನ ಓಣಿಯಲ್ಲಿ ಕೆಡವಲು ತೆಗೆದಿದ್ದ ಹಳೆಯ ಮನೆಯೊಂದರ ತೇಗದ ಬಾಗಿಲಂತೆ. ಹೆಡ್‌ಫೋನು ಕಿವಿಗೆ ಹಾಕಿಕೊಂಡು ಕೇಳಿದೆವು. ಕಿರ್ರೆಂದು ಬಾಗಿಲು ತಿರುಗಿತು, ಉದ್ದಕ್ಕೂ ತಿರುಗಿತು, ಆಮೇಲೆ ಏನೂ ಇಲ್ಲ. ಬರೀ ಗಾಳಿ.

"ಧಡ್ ಅನ್ನೋದು ಎಲ್ಲೋ?" ಎಂದು ನಾನು ಕೇಳಿದೆ.

ಅವನ ಮುಖ ಸಣ್ಣಗಾಗಿತ್ತು. "ಅದೇ ಗೊತ್ತಾಗವಲ್ದು ಅಕ್ಕಾರೆ. ನಾನೇ ನನ್ನ ಕೈಯಾರೆ ಮುಚ್ಚೀನಿ. ಧಡ್ ಅಂದಿದ್ದು ಕಿವಿಗೆ ಕೇಳೈತೆ. ಮನೆಗೆ ಬಂದು ನೋಡಿದ್ರೆ ಇದ್ರಾಗೆ ಇಲ್ಲ. ಮತ್ತೆ ಹೋಗಿ ಹಿಡದೆ. ಆಗಲೂ ಇಲ್ಲ. ಇವತ್ತು ಬೆಳಿಗ್ಗೆ ಹೋದ್ರೆ ಬಾಗಿಲನ್ನೇ ಕಿತ್ಕಂಡು ಹೋಗ್ಯಾರೆ."

ಮೈಕು ಸರಿಯಿಲ್ಲ, ಬ್ಯಾಟರಿ ಸರಿಯಿಲ್ಲ ಎಂದು ನಾನು ಬೈದೆ. ಬೈಯುವಾಗ ಚಾಪೆಯ ಕಡೆ ಕಣ್ಣು ಹೋಯಿತು. ಅತ್ತೆಯ ಕೈ ನಿಂತಿತ್ತು. ಅವರೂ ನಮ್ಮಷ್ಟೇ ಬೆಚ್ಚಿದ್ದರು. ಸದ್ದು ಆಮೇಲೆ ನೋಡೋಣ, ಮೊದಲು ಚಿತ್ರ ಓಡಿಸೋಣ ಎಂದರು ನನ್ನ ಗಂಡ.

ಈ ಸಲ ಕರೆಂಟು ಹೋಗಲಿಲ್ಲ, ವೈರೂ ಕಳೆಯಲಿಲ್ಲ. ದೃಶ್ಯ ಪೂರ್ತಿ ಓಡಿತು. ಹುಡುಗಿ ಬೆನ್ನು ಹಾಕಿ ನಡೆದಳು. ಹೊಸ್ತಿಲಿಗೆ ಬಂದಳು. ನಿಂತಳು. ತಿರುಗಿ ನೋಡಿದಳು. ಆಮೇಲೆ ಒಳಗೆ ಹೋದಳು, ಮರಿ ಹಾರಿತು, ಬಾಗಿಲು ಮುಚ್ಚತೊಡಗಿತು.

ತಿರುಗಿ ನೋಡುವುದು ಕಥೆಯಲ್ಲಿ ಇರಲೇ ಇಲ್ಲ. "ಇದು ಯಾವಾಗ ಹಾಕ್ದೆ?" ಎಂದರು ನನ್ನ ಗಂಡ. ನಾನು ಹಾಕಿಲ್ಲ ಎಂದೆ. ಮತ್ತೆ ಓಡಿಸಿ ಆ ಜಾಗದಲ್ಲಿ ನಿಲ್ಲಿಸಿದರು. ಕಿವಿಯ ಗೆರೆಯನ್ನು ಅವರು ಎರಡು ತುಂಡಾಗಿ ಎಳೆಯುತ್ತಾರೆ, ನಾನು ಒಂದೇ ಎಳೆತಕ್ಕೆ ಮುಗಿಸುತ್ತೇನೆ. ಪರದೆಯ ಮೇಲಿದ್ದದ್ದು ಒಂದೇ ಎಳೆತದ ಗೆರೆ. ಕೈ ನನ್ನದೇ. ಆದರೆ ಬರೆದ ನೆನಪು ನನಗಿಲ್ಲ, ಇವತ್ತಿಗೂ ಇಲ್ಲ. ಬಸುರಿ, ದಣಿವು, ಅರೆನಿದ್ದೆಯಲ್ಲಿ ಬರೆದಿರಬಹುದು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಆಗ ಮಾತ್ರ ನನ್ನ ಕಣ್ಣಿಗೆ ಬಿದ್ದದ್ದು ಅವಳ ನೋಟ. ಅವಳು ನಮ್ಮನ್ನು ನೋಡುತ್ತಿರಲಿಲ್ಲ. ಸ್ವಲ್ಪ ಕೆಳಕ್ಕೆ, ದಾರಿಯ ಕಡೆ ನೋಡುತ್ತಿದ್ದಳು, ತನಗಿಂತ ಚಿಕ್ಕವರು ಯಾರೋ ಹಿಂದೆ ಬರುತ್ತಿದ್ದಾರೆ ಅನ್ನುವ ಹಾಗೆ. ಮರಿಯಲ್ಲ; ಅದು ಅವಳ ಮಗ್ಗುಲಲ್ಲೇ ನಿಂತಿತ್ತು.

ಆ ಹೊತ್ತಿಗೇ ನನಗೆ ಹೊಳೆಯಿತು: ಬೆಳಿಗ್ಗೆಯಿಂದ ಹೊಟ್ಟೆಯಲ್ಲಿ ಕೂಸು ಮಿಸುಕಿಲ್ಲ.

ಗೋಡೆ ಹಿಡಿದುಕೊಂಡು ಚಾಪೆಯ ಮೇಲೆ ಕೂತೆ. ಏನಾಯಿತೆಂದು ಹೇಳುವ ಮೊದಲೇ ಅತ್ತೆಗೆ ಗೊತ್ತಾಯಿತು. ನನ್ನನ್ನು ಮಗ್ಗುಲಿಗೆ ಮಲಗಿಸಿ ಹೊಟ್ಟೆಯ ಮೇಲೆ ಅಂಗೈಯಿಟ್ಟರು. ಅದರಲ್ಲಿ ಉಣ್ಣೆಯ ವಾಸನೆ. ಗೆಳೆಯ ಕಾರು ತರಲು ಓಡಿದ. ನನ್ನ ಗಂಡ ದಾವಣಗೆರೆ ಆಸ್ಪತ್ರೆಗೆ ಫೋನು ಹಚ್ಚುತ್ತಾ ಮೆಟ್ಟಿಲಲ್ಲಿ ನಿಂತಿದ್ದರು.

"ಮೇನ್ ಸ್ವಿಚ್ಚು ಕೆಡವಿದ್ದು ನಾನೇ" ಎಂದರು ಅತ್ತೆ ಮೆಲ್ಲಗೆ. "ವೈರೂ ನನ್ನ ಬುಟ್ಟ್ಯಾಗೇ ಐತೆ, ಉಣ್ಣೆ ಕೆಳಗೆ. ಆದ್ರೆ ಬಾಗಿಲ ಸದ್ದು ನಾನಲ್ಲ ಮಗಳೇ. ಆ ಹುಡುಗೀನ ತಿರುಗಿಸಿದ್ದೂ ನಾನಲ್ಲ. ನನಗೆ ಅದೆಲ್ಲ ಬರಾಕೆ ಎಲ್ಲೈತೆ?"

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೆದರಿಕೆ ನನ್ನೊಬ್ಬಳದೇ ಅಲ್ಲ ಎಂದು ಗೊತ್ತಾಗಿ ಅಳು ಬಂತು. "ಅವತ್ತು ಮುಗಿಸಿದ್ದಕ್ಕೇ ಹೋತಾ ಅತ್ತೆ?" ಎಂದು ಕೇಳಿಯೇ ಬಿಟ್ಟೆ. ಮೂರು ವರ್ಷದಿಂದ ಗಂಟಲಲ್ಲಿದ್ದ ಮಾತು.

"ನನಗೇನು ಗೊತ್ತವ್ವ. ನಮ್ಮವ್ವ ಬಿಡ್ತಿದ್ಲು, ನಾವೂ ಬಿಡ್ತೀವಿ. ಅವತ್ತು ಬಿಡ್ರಿ ಅಂತ ಹೇಳಾಕೆ ನಾನು ಇಲ್ಲಿ ಇರಲಿಲ್ಲ. ಅದೇ ನನಗೆ ಇನ್ನೂ ಕೊರಿತೈತೆ."

ಇಷ್ಟು ದಿನ ಅವರು ನನ್ನನ್ನು ದೂರುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ದೂರುತ್ತಿದ್ದದ್ದು ತಮ್ಮನ್ನೇ. ಅತ್ತೆ ಬೆಲ್ಲದ ನೀರು ಕುಡಿಸಿದರು. ಕಾರು ಬಾಗಿಲಿಗೆ ಬಂದು ಹಾರ್ನ್ ಹಾಕಿತು. ನಾನು ಏಳಲು ಕೈಯೂರಿದಾಗ ಒಳಗಿನಿಂದ ಒಂದು ಒದೆ ಬಿತ್ತು, ಪಕ್ಕೆಗೇ. ಅತ್ತೆಯ ಅಂಗೈಗೂ ತಾಗಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆದರೂ ಹೋಗಿ ತೋರಿಸಿಕೊಂಡು ಬಂದೆವು. ಕೂಸು ನಿದ್ದೆ ಮಾಡಿರುತ್ತದೆ, ಎಲ್ಲ ಸರಿಯಿದೆ ಎಂದರು.

ವಾಪಸು ಬರುವಾಗ ಕಾರಿನಲ್ಲಿ ನನ್ನ ಗಂಡ, "ಇನ್ನೇನು ಭಯ ಇಲ್ಲಲ್ಲ. ಆ ತಿರುಗಿ ನೋಡೋದನ್ನ ತೆಗೆದು, ಬಾಗಿಲು ಮುಚ್ಚಿಸಿ ಕಳಿಸಿಬಿಡಾನ. ನಾಳೆ ಶುಕ್ರವಾರ" ಎಂದರು. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಮಿಸುಕದ ಕೂಸು ಮಿಸುಕಿತ್ತು. ಬಾಗಿಲಿಗೂ ಅದಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಆದರೆ ಇಷ್ಟು ದಿನ ಅತ್ತೆಯ ಮಾತಿಗೆ ಸಿಟ್ಟಾಗುತ್ತಿದ್ದ ನನಗೇ ಬಾಯಿ ಬಂತು.

"ಬ್ಯಾಡ್ರಿ. ಒಂದು ಗೇಣು ಬಿಡ್ರಿ."

ಅವರು ನನ್ನನ್ನೂ ನೋಡಿದರು, ಹಿಂದೆ ಕೂತ ತಾಯಿಯನ್ನೂ ನೋಡಿದರು. ಮಾರನೇ ದಿನ ಬೆಳಿಗ್ಗೆ ಕೊನೆಯ ಕೆಲವು ಚಿತ್ರಗಳನ್ನು ಅವರೇ ಅಳಿಸಿದರು. ಮುಚ್ಚುತ್ತಿದ್ದ ಬಾಗಿಲು ಗೇಣಗಲ ಬಾಕಿಯಿರುವಾಗ ನಿಂತಿತು, ಆ ಸಂದಿಯಿಂದ ಒಳಗಿನ ದೀಪದ ಬೆಳಕು ದಾರಿಗೆ ಬಿದ್ದಿತ್ತು. ತಿರುಗಿ ನೋಡುವುದನ್ನು ತೆಗೆಯಲು ನಾನು ಬಿಡಲಿಲ್ಲ. ಧಡ್ ಎನ್ನುವ ಸದ್ದು ಬೇಕಾಗಲೇ ಇಲ್ಲ. ಹಾಗೇ ಕಳಿಸಿದೆವು. ಚಾನೆಲ್ಲಿನ ಮೇಡಮ್ಮು, ತುಂಬಾ ಆರ್ಟಿಸ್ಟಿಕ್ ಆಗಿದೆ ಎಂದರು.

ಹೊನ್ನಾಳಿಯಲ್ಲಿ ಹೆರಿಗೆಯಾಯಿತು. ಹೆಣ್ಣು, ಗಟ್ಟಿಯಾಗಿದ್ದಳು. ಜಗಳೂರಿನಲ್ಲಿ ಬಿಟ್ಟಿದ್ದ ಗೇಣು ನೇಯ್ದು, ಕಂಬಳಿಯನ್ನು ಮಗ್ಗದಿಂದ ಕೊಯ್ದು ಅತ್ತೆ ಹೆಸರಿಡುವ ದಿನ ತಂದರು. ತಂದವರು ಮೊದಲು ಕೇಳಿದ್ದೇ, "ಆ ಬಾಗಿಲು ಮುಚ್ಚಿದ್ರಾ?" ಎಂದು. ಇನ್ನೂ ಇಲ್ಲ ಎಂದೆವು. "ಕೂಸು ಬಂತಲ್ಲ, ಮುಚ್ಚಿರಿ ಮತ್ತೆ. ಬಿಟ್ಟಿದ್ದು ಬಿಟ್ಟಂಗೆ ಇರಬಾರದು. ತೆರೆದ ಬಾಗಿಲಾಗೆ ಯಾರು ಬೇಕಾದ್ರೂ ಬರ್ತಾರೆ." ಹೂಂ ಎಂದು ಸುಮ್ಮನಾದೆವು. ಪ್ರಸಾರವೂ ಆಗಿಹೋದ ಕಾರ್ಟೂನಿಗೆ ಯಾರು ಮತ್ತೆ ಚಿತ್ರ ಬರೆಯುತ್ತಾರೆ? ನನ್ನ ಗಂಡ ಮದುವೆ ವೀಡಿಯೋ ಎಡಿಟ್ ಮಾಡುವ ಕೆಲಸಕ್ಕೆ ಹೊರಳಿದರು. ಹಳೆಯ ಕಂಪ್ಯೂಟರಿಗೆ ಸೀರೆ ಮುಚ್ಚಿ ಮೇಲಿನ ಕೋಣೆಯ ಮೂಲೆಗಿಟ್ಟೆವು.

ಈಗ ಮಗಳಿಗೆ ನಾಲ್ಕು ವರ್ಷ. ಹೋದ ಬೇಸಿಗೆಯಿಂದ ಅವಳದೊಂದು ಹೊಸ ಹಟ. ಸಂಜೆ ದೀಪ ಹಚ್ಚಿ ಬೀದಿ ಬಾಗಿಲು ಹಾಕಲು ಹೋದರೆ ಅಡ್ಡ ನಿಲ್ಲುತ್ತಾಳೆ. ಸೊಳ್ಳೆ ಬರುತ್ತವೆ ಎಂದರೂ ಕೇಳುವುದಿಲ್ಲ. ನಾನು ಬಾಗಿಲು ಹಾಕಿ ಚಿಲಕ ಹಾಕಿಬಿಟ್ಟರೆ ರಂಪ. ಚಿಲಕ ನನ್ನ ಹಣೆಯ ಮಟ್ಟಕ್ಕಿದೆ, ಮೇಲೆತ್ತಿ ತಿರುಗಿಸಿ ಕೊಂಡಿಗೆ ಸಿಕ್ಕಿಸಬೇಕು; ಅವಳಿಗೆ ಎಟುಕುವುದಿಲ್ಲ. ಕೆಳಗೆ ನಿಂತು ಬಾಗಿಲು ಬಡಿಯುತ್ತಾ ಅಳುತ್ತಾಳೆ. ಒಂದು ದಿನ ಸಿಟ್ಟಿಗೆದ್ದು ಎರಡೇಟು ಹಾಕಿ, ಯಾಕೆ ಹೀಗೆ ಮಾಡುತ್ತೀಯಾ ಎಂದು ಕೇಳಿದೆ.

"ಅಕ್ಕ ಇನ್ನೂ ಬಂದಿಲ್ಲ" ಎಂದಳು.

ಯಾವ ಅಕ್ಕ ಎಂದೆ. ಓಣಿಯ ಯಾವುದೋ ಹುಡುಗಿ ಇರಬೇಕು ಎಂದುಕೊಂಡೆ. ಅವಳು ನನ್ನ ಕೈ ಹಿಡಿದು ಎಳೆದುಕೊಂಡು ಮೇಲೆ ಹೋಗಿ, ಸೀರೆ ಮುಚ್ಚಿದ ಕಂಪ್ಯೂಟರಿನ ಕಡೆ ಬೆರಳು ತೋರಿಸಿದಳು. ಹಿಂದಿನ ಮಗುವಿನ ಸುದ್ದಿಯನ್ನು ನಾವು ಯಾರೂ ಅವಳ ಮುಂದೆ ಎತ್ತಿದವರಲ್ಲ. ಆ ಕಾರ್ಟೂನನ್ನೂ ಅವಳಿಗೆ ತೋರಿಸಿರಲಿಲ್ಲ. ತೋರಿಸುವ ಮನಸ್ಸೇ ನನಗಾಗಿರಲಿಲ್ಲ. ಫೋನಿನಲ್ಲಿ ಎಲ್ಲಾದರೂ ಕಂಡಿರಬಹುದು, ಮಕ್ಕಳು ಏನೇನೋ ನೋಡುತ್ತವೆ ಎಂದರು ನನ್ನ ಗಂಡ. ಹೇಳುವಾಗ ಅವರ ದನಿ ಗಟ್ಟಿಯಿರಲಿಲ್ಲ.

ಜಗಳೂರಿಗೆ ಫೋನು ಮಾಡಿದೆ. ಅತ್ತೆ ಮಾರನೇ ದಿನದ ಬಸ್ಸಿಗೇ ಬಂದರು. "ನಾನು ಅವತ್ತೇ ಹೇಳಿದ್ನಿಲ್ಲ? ಮುಚ್ಚಿರಿ" ಎಂದರು.

ಮುಚ್ಚಲು ನನಗೆ ಕೈ ಬರಲಿಲ್ಲ. ಹೊರಗೆ ಒಬ್ಬರಿದ್ದಾರೆ ಎಂದು ಮನಸ್ಸಿಗೆ ಬಂದ ಮೇಲೆ ಯಾವ ತಾಯಿ ಬಾಗಿಲು ಹಾಕುತ್ತಾಳೆ? ಅದನ್ನೇ ಹೇಳಿದೆ. ಅತ್ತೆ, "ಹಂಗಾದ್ರೆ ಒಳಗೆ ಕರಕೊಂಡು ಮುಚ್ಚು" ಎಂದರು.

ಕಂಪ್ಯೂಟರಿನ ಮೇಲಿನ ಸೀರೆ ತೆಗೆದು, ಗೆರೆ ಗೆರೆ ಸೇರಿಸಿ ಬರೆಯತೊಡಗಿದೆ. ಮಧ್ಯಾಹ್ನ ಅಡುಗೆ ಮುಗಿಸಿ ಕೂತರೆ ಸಂಜೆಯವರೆಗೆ. ಹೊಸ್ತಿಲಲ್ಲಿ ತಿರುಗಿ ನೋಡಿದ ಹುಡುಗಿ ಕೈ ಚಾಚುತ್ತಾಳೆ. ದಾರಿಯಿಂದ ಒಂದು ಮಗು ಬಂದು ಆ ಕೈ ಹಿಡಿಯುತ್ತದೆ. ಅದನ್ನೂ ಬೆನ್ನ ಕಡೆಯಿಂದಲೇ ಬರೆದೆ; ಮುಖ ನನಗೆ ಗೊತ್ತಿಲ್ಲ. ಕೂಸಾಗಿ ಬರೆಯಲು ಹೋದರೆ ಗೆರೆ ನಿಲ್ಲಲಿಲ್ಲ. ಲೆಕ್ಕ ಹಾಕಿ ನೋಡಿ ಏಳು ವರ್ಷದವಳಾಗಿ ಬರೆದೆ, ಎರಡು ಜಡೆ ಹಾಕಿದೆ. ಆಗ ಗೆರೆ ತಾನಾಗಿ ಹರಿಯಿತು. ಬರೆಯುವಾಗ ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಮುಗಿದ ದಿನ ಸಂಜೆ ನಾವೆಲ್ಲ ಮೇಲಿನ ಕೋಣೆಯಲ್ಲಿದ್ದೆವು. ಅತ್ತೆ ಚಾಪೆಯ ಮೇಲೆ, ನನ್ನ ಗಂಡ ಕುರ್ಚಿಯ ಹಿಂದೆ, ಮಗಳು ನನ್ನ ತೊಡೆಯ ಮೇಲೆ. ಬೀದಿ ಬಾಗಿಲು ಅವಳ ಹಟಕ್ಕೆ ತೆರೆದೇ ಇತ್ತು. ದೃಶ್ಯ ಓಡಿಸಿದೆವು. ಧ್ವನಿ ಹಾಕಿರಲಿಲ್ಲ. ಹುಡುಗಿ ತಿರುಗಿ ನೋಡಿದಳು, ಕೈ ಚಾಚಿದಳು, ಮಗು ಬಂದಿತು. ಇಬ್ಬರೂ ಹೊಸ್ತಿಲು ದಾಟಿದರು. ಗೇಣು ಬಾಕಿಯಿದ್ದ ಬಾಗಿಲು ಮುಚ್ಚಿತು.

ಧಡ್ ಎಂದು ಸದ್ದಾಯಿತು. ಪರದೆಯಿಂದಲ್ಲ, ಕೆಳಗಿನಿಂದ. ಅದರ ಹಿಂದೆಯೇ ಚಿಲಕ ಎತ್ತಿ ಕೊಂಡಿಗೆ ಸಿಕ್ಕಿಸಿದ ಸದ್ದು.

"ಗಾಳಿ" ಎಂದರು ನನ್ನ ಗಂಡ. ಯಾರೂ ಏಳಲಿಲ್ಲ. ಮಗಳು ನನ್ನ ಎದೆಗೆ ತಲೆಯಿಟ್ಟು ಆಕಳಿಸಿದಳು. ಆವತ್ತಿನಿಂದ ಅವಳು ಬಾಗಿಲಿಗೆ ಅಡ್ಡ ನಿಂತಿಲ್ಲ.

ಆಮೇಲೆ ಇಳಿದು ಹೋಗಿ ನೋಡಿದೆ. ಚಿಲಕ ಸರಿಯಾಗಿ ಬಿದ್ದಿತ್ತು. ನಾಲ್ಕು ವರ್ಷದವರಿಗೆ ಅದು ಎಟುಕುವುದಿಲ್ಲ. ಏಳು ವರ್ಷದವರಾದರೆ, ತುದಿಗಾಲಲ್ಲಿ ನಿಂತರೆ, ಎಟುಕುತ್ತದೆ.